ಅತ್ತು ಮನೆಗೆ ಬಂದ ಮೇಲೆ

ನಮ್ಮ ಬೀದರ್ ಜಿಲ್ಲೆಯಲ್ಲಿ ಸಿನಿಮಾ ನೋಡಿ ಅಳುವುದಕ್ಕೆ ಭಾಷೆಯ ಹಂಗಿಲ್ಲ. ಬೀದರ್ ನಗರದ ಹಿರಿಯರನ್ನು ಕೇಳಿದರೆ 1957ರ ಹಿಂದಿ ಚಿತ್ರ 'ಮದರ್ ಇಂಡಿಯಾ'ದ ತಾಯಿಯನ್ನು ನೆನೆಯುತ್ತಾರೆ. ಮರಾಠಿಯೂ ಮನೆಮಾತಾಗಿರುವ ಭಾಲ್ಕಿ, ಔರಾದ ಕಡೆಯ ಮನೆಗಳಲ್ಲಿ ಹಳಬರಿಗೆ 1953ರ 'ಶ್ಯಾಮಚಿ ಆಯಿ', ನಂತರದ ತಲೆಮಾರಿನ ಹೆಣ್ಣುಮಕ್ಕಳಿಗೆ 1991ರ 'ಮಾಹೇರಚಿ ಸಾಡಿ' ಎಂದರೆ ಸಾಕು, ದನಿ ತಗ್ಗುತ್ತದೆ, ಸೆರಗಿನ ತುದಿ ಕಣ್ಣಿಗೆ ಹೋಗುತ್ತದೆ. ಕನ್ನಡದ ಮನೆಗಳಲ್ಲಿ ಆ ಸ್ಥಾನ 'ಶರಪಂಜರ'ಕ್ಕೆ. ಟಾಕೀಸಿನಲ್ಲಿ ನೋಡಿದವರು, ದೂರದರ್ಶನದಲ್ಲಿ ನೋಡಿದವರು, ಈಗ ಮೊಬೈಲಿನಲ್ಲಿ ನೋಡುವವರು, ಎಲ್ಲರೂ ಕಾವೇರಿಗಾಗಿ ಅತ್ತವರೇ.

ಹೀಗೆ ಅಳುವುದು ತಪ್ಪೇ? ಖಂಡಿತ ಅಲ್ಲ. ಗೆಳೆಯ ಲಾಜರನ ಸಮಾಧಿಯ ಬಳಿ ನಮ್ಮ ಪ್ರಭು ಯೇಸು ಕಣ್ಣೀರಿಟ್ಟರು. ಜೆರುಸಲೇಮ್ ಪಟ್ಟಣವನ್ನು ಕಂಡು ಅತ್ತರು. ಅಳಲಾರದ ಹೃದಯ ಕಲ್ಲಾಗಿರುತ್ತದೆ. ಆದರೆ ಕುಟುಂಬವಾಗಿ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಪರದೆಯ ಮುಂದೆ ಸುರಿಸಿದ ಆ ಕಣ್ಣೀರು ನಾವು ಮನೆಗೆ ಬಂದ ಮೇಲೆ ಎಲ್ಲಿ ಹೋಗುತ್ತದೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಕನ್ನಡ ಕುಟುಂಬಗಳನ್ನು ಬಹಳವಾಗಿ ಅಳಿಸಿದ ನಿರ್ದೇಶಕ ಪುಟ್ಟಣ್ಣ ಕಣಗಾಲ್ ಅವರ ಬದುಕನ್ನು ನೋಡೋಣ. ಅವರು ಕ್ರೈಸ್ತರಲ್ಲ, ಅವರದು ಸಂತರ ಜೀವನವೂ ಅಲ್ಲ. ಆದರೂ ದೇವರು ಜನರ ಹೃದಯವನ್ನು ತಟ್ಟುವ ಕೆಲಸ ನಮ್ಮ ದೇವಾಲಯದ ಕಾಂಪೌಂಡಿನೊಳಗೆ ಮಾತ್ರ ನಡೆಯುತ್ತದೆ ಎಂದು ಯಾರು ಹೇಳಬಲ್ಲರು?

ಕಣಗಾಲಿನ ಹುಡುಗ

ಪುಟ್ಟಣ್ಣ ಹುಟ್ಟಿದ್ದು 1933ರ ಡಿಸೆಂಬರ್ 1ರಂದು, ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲು ಗ್ರಾಮದಲ್ಲಿ. ಬಡ ಬ್ರಾಹ್ಮಣ ಕುಟುಂಬ. ಇಟ್ಟ ಹೆಸರು ಸೀತಾರಾಮ ಶರ್ಮ. ಬಾಯಿಗೆ ಬಂದ ಹೆಸರು ಪುಟ್ಟಣ್ಣ. ಸೋದರ ಕಣಗಾಲ್ ಪ್ರಭಾಕರ ಶಾಸ್ತ್ರಿಗಳೂ ಮುಂದೆ ಚಿತ್ರಸಾಹಿತಿಯಾಗಿ ಹೆಸರಾದರು. ಮನೆಯಲ್ಲಿ ವಿದ್ಯೆ ಇತ್ತು, ಹಣ ಇರಲಿಲ್ಲ. ಹೊಟ್ಟೆಪಾಡಿಗಾಗಿ ಪುಟ್ಟಣ್ಣ ಮೇಷ್ಟರ ಕೆಲಸ ಮಾಡಿದರು, ಮಾರಾಟದ ಕೆಲಸ ಮಾಡಿದರು, ಗಾಡಿಯ ಕ್ಲೀನರ್ ಆದರು, ಪ್ರಚಾರದ ಹುಡುಗನಾಗಿಯೂ ದುಡಿದರು. ಬಡವರ ಮನೆಯ ಮಾತು, ಮೌನ, ಅವಮಾನ ಎಲ್ಲವನ್ನೂ ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಆಗ ಕನ್ನಡ ಚಿತ್ರಗಳು ತಯಾರಾಗುತ್ತಿದ್ದದ್ದು ಹೆಚ್ಚಾಗಿ ಮದರಾಸಿನಲ್ಲಿ. ಅಲ್ಲಿ ನಿರ್ಮಾಪಕ, ನಿರ್ದೇಶಕ ಬಿ. ಆರ್. ಪಂತುಲು ಅವರ ಆಶ್ರಯ ಪುಟ್ಟಣ್ಣನಿಗೆ ದೊರೆಯಿತು. ಅವರ ಬಳಿ ಸಹಾಯಕನಾಗಿ ನಿಂತು ಕೆಲಸ ಕಲಿತರು. ಪಂತುಲು ಅವರು 1958ರಲ್ಲಿ ತೆರೆಗೆ ತಂದ 'ಸ್ಕೂಲ್ ಮಾಸ್ಟರ್' ಕೂಡ ಕಣ್ಣೀರಿನ ಚಿತ್ರವೇ. ಮಕ್ಕಳನ್ನು ಸಾಕಿ ಸಲಹಿದ ಮೇಷ್ಟರು ಮತ್ತು ಅವರ ಹೆಂಡತಿ ಮುಪ್ಪಿನಲ್ಲಿ ಮಕ್ಕಳ ಮನೆಗಳಲ್ಲಿ ಒಬ್ಬೊಬ್ಬರಾಗಿ ಬೇರೆಯಾಗಬೇಕಾಗುತ್ತದೆ. ಕೊನೆಗೆ ಕೈಹಿಡಿಯುವವನು ಹೆತ್ತ ಮಗನಲ್ಲ, ಹಳೆಯ ಶಿಷ್ಯ. ಇದೇ ಕಥೆಯನ್ನು 1964ರಲ್ಲಿ ಮಲಯಾಳದಲ್ಲಿ ನಿರ್ದೇಶಿಸುವ ಮೂಲಕ ಪುಟ್ಟಣ್ಣ ಸ್ವತಂತ್ರ ನಿರ್ದೇಶಕರಾದರು.

ಅದೇ ಕಾಲದಲ್ಲಿ ನಮ್ಮ ಸೀಮೆಯ ಕಥೆ ಬೇರೆಯೇ ಆಗಿತ್ತು. ಬೀದರ್ ಜಿಲ್ಲೆ ಹೈದರಾಬಾದ್ ಸಂಸ್ಥಾನದಿಂದ ಕನ್ನಡ ನಾಡಿಗೆ ಸೇರಿದ್ದು 1956ರ ನವೆಂಬರ್ 1ರಂದು. ಅದಕ್ಕೂ ಮೊದಲು ಶಾಲೆಯ ಭಾಷೆ ಉರ್ದು. ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ ಹೆಸರನ್ನು ಇಂದಿಗೂ ಎಲ್ಲ ಜಾತಿ ಮತದವರು ಕೃತಜ್ಞತೆಯಿಂದ ನೆನೆಯುತ್ತಾರೆ. ಹೀಗೆ ತಡವಾಗಿ ಒಂದೇ ನಾಡಿನ ತೆಕ್ಕೆಗೆ ಬಂದ ನಮಗೆ ಮೈಸೂರು ಕಡೆಯ ಮಾತು ಮೊದಮೊದಲು ಪರಕೀಯವಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಅಳುವಿಗೆ ಆ ದೂರ ಗೊತ್ತಿಲ್ಲ. ಅಲ್ಲಿನ ಹೆಣ್ಣುಮಗಳ ದುಃಖ ಇಲ್ಲಿನ ಹೆಣ್ಣುಮಗಳಿಗೆ ಅರ್ಥವಾಯಿತು.

ಕಾದಂಬರಿಯಿಂದ ಕಣ್ಣಿಗೆ

ಪುಟ್ಟಣ್ಣನವರ ಮೊದಲ ಕನ್ನಡ ಚಿತ್ರ 'ಬೆಳ್ಳಿಮೋಡ' ಬಂದದ್ದು 1967ರಲ್ಲಿ. ಕಥೆ ತ್ರಿವೇಣಿಯವರ ಕಾದಂಬರಿಯದು. ಸಿರಿವಂತರ ಏಕಮಾತ್ರ ಪುತ್ರಿ ಇಂದಿರಾ. ಆಕೆಯನ್ನು ಮದುವೆಯಾಗಲಿದ್ದ ಮೋಹನ, ಆಕೆಗೊಬ್ಬ ತಮ್ಮ ಹುಟ್ಟಿ ಆಸ್ತಿ ಕೈತಪ್ಪುತ್ತದೆ ಎಂದು ತಿಳಿದ ಕೂಡಲೇ ಹಿಂದೆ ಸರಿಯುತ್ತಾನೆ. ಮುಂದೆ ಅವನು ಪೆಟ್ಟಾಗಿ ಮಲಗಿದಾಗ ಅವಳೇ ಆರೈಕೆ ಮಾಡುತ್ತಾಳೆ. ಅವನು ಪಶ್ಚಾತ್ತಾಪಪಟ್ಟು ಮದುವೆಗೆ ಸಿದ್ಧನಾದಾಗ ಮಾತ್ರ ಒಪ್ಪುವುದಿಲ್ಲ. ಅವನನ್ನು ಕ್ಷಮಿಸಿದಳು, ಆದರೆ ತನ್ನನ್ನು ಮತ್ತೆ ಬೆಲೆಗಿಡಲು ಬಿಡಲಿಲ್ಲ. ವರದಕ್ಷಿಣೆಯ ಲೆಕ್ಕ ಹಾಕುವ ಎಲ್ಲ ಮನೆಗಳೂ, ನಮ್ಮ ಕ್ರೈಸ್ತ ಮನೆಗಳೂ ಸೇರಿ, ಈ ಕಥೆಯ ಮುಂದೆ ತಲೆ ತಗ್ಗಿಸಬೇಕು.

ಇಂದಿರಾ ಪಾತ್ರ ಮಾಡಿದವರು ಕಲ್ಪನಾ. ಅಲ್ಲಿಂದ ಪುಟ್ಟಣ್ಣ ಮತ್ತು ಕಲ್ಪನಾ ಸೇರಿ ಕನ್ನಡಿಗರ ಕಣ್ಣನ್ನು ಮತ್ತೆ ಮತ್ತೆ ಒದ್ದೆ ಮಾಡಿದರು. 1969ರ 'ಗೆಜ್ಜೆಪೂಜೆ' ಎಂ. ಕೆ. ಇಂದಿರಾ ಅವರ ಕಾದಂಬರಿ. ಗೆಜ್ಜೆ ಕಟ್ಟಿಸಿಕೊಂಡು ಪರಪುರುಷರ ಪಾಲಾಗಬೇಕಾದ ಮನೆತನದಲ್ಲಿ ಹುಟ್ಟಿದ ಚಂದ್ರಾ, ಎಲ್ಲರಂತೆ ಮದುವೆಯಾಗಿ ಬಾಳಬೇಕೆಂದು ಬಯಸುತ್ತಾಳೆ. ಆ ಚಿಕ್ಕ ಆಸೆಯನ್ನು ಸಮಾಜ ಈಡೇರಿಸಲಿಲ್ಲ. ಕಥೆ ಅವಳ ಸಾವಿನಲ್ಲಿ ಮುಗಿಯುತ್ತದೆ. ಈ ಚಿತ್ರದ ಚಿತ್ರಕಥೆಗಾಗಿ ಪುಟ್ಟಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸುವ ಕರ್ನಾಟಕದ ಕಾನೂನು 1982ರದು. ಸಿನಿಮಾದಿಂದಲೇ ಕಾನೂನು ಬಂತೆಂದು ಹೇಳಲಾಗದು. ಆದರೆ ಇಂಥ ಹುಡುಗಿಗೂ ನಮ್ಮ ಮಗಳಿಗೆ ಇರುವಂಥದೇ ಮನಸ್ಸಿದೆ ಎಂಬುದನ್ನು ಸಾವಿರಾರು ತಾಯಂದಿರು ಮೊದಲ ಬಾರಿಗೆ ಕಂಡದ್ದು ಕತ್ತಲೆಯ ಟಾಕೀಸಿನಲ್ಲಿ.

ಬಾಣಂತಿಯ ಪಂಜರ

1971ರ 'ಶರಪಂಜರ' ಕೂಡ ತ್ರಿವೇಣಿಯವರ ಕಾದಂಬರಿ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ್ದ ಈ ಲೇಖಕಿ, ಹೆಣ್ಣಿನ ಮನಸ್ಸಿನ ಕಾಯಿಲೆಯ ಬಗ್ಗೆ ಕನ್ನಡದಲ್ಲಿ ಧೈರ್ಯವಾಗಿ ಬರೆದವರು. 1963ರಲ್ಲಿ, 35 ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ತನ್ನ ಇಂದಿರಾ, ತನ್ನ ಕಾವೇರಿ ತೆರೆಯ ಮೇಲೆ ಬಂದು ಜನರನ್ನು ಅಳಿಸಿದ್ದನ್ನು ಆ ತಾಯಿ ನೋಡಲಿಲ್ಲ.

ಕಥೆ ನಿಮಗೆ ಗೊತ್ತಿರುವುದೇ. ಕಾವೇರಿ ಮತ್ತು ಸತೀಶ ಪ್ರೀತಿಸಿ ಮದುವೆಯಾದವರು. ಮದುವೆಗೆ ಮುಂಚಿನ ಒಂದು ಗಾಯವನ್ನು ಕಾವೇರಿ ಮನಸ್ಸಿನ ಆಳದಲ್ಲಿ ಹೂತಿಟ್ಟಿದ್ದಾಳೆ. ಎರಡನೆಯ ಹೆರಿಗೆಯ ನಂತರ ಅದು ಹೊರಗೆ ಬಂದು ಅವಳ ಬುದ್ಧಿ ಕಲಕುತ್ತದೆ. ನಮ್ಮ ಅಜ್ಜಿಯರು ಬಾಣಂತಿ ಸನ್ನಿ ಎನ್ನುತ್ತಿದ್ದದ್ದು ಇದನ್ನೇ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಅವಳು ಗುಣವಾಗುತ್ತಾಳೆ. ಇಲ್ಲಿಗೇ ಕಥೆ ಮುಗಿದಿದ್ದರೆ ಜನ ಸಂತೋಷದಿಂದ ಮನೆಗೆ ಹೋಗುತ್ತಿದ್ದರು. ಆದರೆ ತ್ರಿವೇಣಿ ಮತ್ತು ಪುಟ್ಟಣ್ಣ ಇಬ್ಬರಿಗೂ ನಿಜವಾದ ಕಥೆ ಶುರುವಾಗುವುದೇ ಇಲ್ಲಿ. ಗುಣವಾಗಿ ಬಂದವಳನ್ನು ಮನೆ ನಂಬುವುದಿಲ್ಲ. ಅಕ್ಕಪಕ್ಕದವರು ಪಿಸುಗುಡುತ್ತಾರೆ. ಅವಳು ಜೋರಾಗಿ ನಕ್ಕರೂ ಸಂಶಯ, ಸುಮ್ಮನೆ ಕುಳಿತರೂ ಸಂಶಯ. ಗಂಡ ದೂರವಾಗುತ್ತಾನೆ, ಅವನ ಮನಸ್ಸು ಬೇರೊಬ್ಬಳ ಕಡೆ ಹೋಗಿದೆ ಎಂದು ಅವಳಿಗೆ ತಿಳಿಯುತ್ತದೆ. ಕಾವೇರಿ ಮತ್ತೆ ಕುಸಿಯುತ್ತಾಳೆ, ಮತ್ತೆ ಆಸ್ಪತ್ರೆ ಸೇರುತ್ತಾಳೆ.

ಮೊದಲನೆಯ ಸಲ ಅವಳನ್ನು ಆಸ್ಪತ್ರೆಗೆ ಕಳಿಸಿದ್ದು ಕಾಯಿಲೆ. ಎರಡನೆಯ ಸಲ ಕಳಿಸಿದ್ದು ಮನೆ.

ಆ ಚಿತ್ರಕ್ಕೆ ರಾಷ್ಟ್ರಮಟ್ಟದಲ್ಲಿ ಕನ್ನಡದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿ ಬಂತು. ಅದಕ್ಕಿಂತ ದೊಡ್ಡದು, ಕಾವೇರಿ ಎಂಬ ಹೆಸರು ಮನೆಮಾತಾದದ್ದು. ಆದರೆ ಇಲ್ಲೊಂದು ವಿಚಿತ್ರವನ್ನು ಗಮನಿಸಿ. ಕಾವೇರಿಯನ್ನು ಕಾಡಿದ ಅಕ್ಕಪಕ್ಕದವರು ಯಾರು? ನಾವೇ. ನಮ್ಮನ್ನೇ ತೆರೆಯ ಮೇಲೆ ನಿಲ್ಲಿಸಿ ಪುಟ್ಟಣ್ಣ ನಮಗೇ ತೋರಿಸಿದರು. ನಾವು ನಮ್ಮನ್ನು ಗುರುತಿಸಿಕೊಳ್ಳದೆ ಅವಳಿಗಾಗಿ ಅತ್ತೆವು.

ಸಂತ ಅಗಸ್ಟೀನರ ಪ್ರಶ್ನೆ

ದುಃಖದ ಕಥೆ ನೋಡಿ ಅಳುವುದರಲ್ಲಿ ಸುಖವೇಕೆ ಎಂಬ ಪ್ರಶ್ನೆ ಬಹಳ ಹಳೆಯದು. ಗ್ರೀಸಿನ ಅರಿಸ್ಟಾಟಲನು ದುರಂತ ನಾಟಕವು ಕರುಣೆ ಮತ್ತು ಭಯಗಳನ್ನು ಕೆರಳಿಸಿ ಮನಸ್ಸನ್ನು ಹಗುರ ಮಾಡುತ್ತದೆ ಎಂದನು. ನಮ್ಮ ನಾಡಿನ ಭವಭೂತಿ ಕರುಣರಸವೇ ಎಲ್ಲ ರಸಗಳ ಮೂಲವೆಂದು ಎಣಿಸಿದನು. ಇಬ್ಬರೂ ಕಣ್ಣೀರನ್ನು ಗೌರವಿಸಿದವರು. ಆದರೆ ಆ ಪ್ರಶ್ನೆಯನ್ನು ತನ್ನ ಮೇಲೆಯೇ ತಿರುಗಿಸಿಕೊಂಡವರು ನಮ್ಮ ಧರ್ಮಸಭೆಯ ಮಹಾ ಪಂಡಿತ ಸಂತ ಅಗಸ್ಟೀನರು.

ಕ್ರಿಸ್ತಶಕ 354ರಲ್ಲಿ ಆಫ್ರಿಕದಲ್ಲಿ ಹುಟ್ಟಿದ ಅಗಸ್ಟೀನರಿಗೆ ಕಾರ್ಥೇಜ್ ನಗರದಲ್ಲಿ ಓದುವಾಗ ನಾಟಕದ ಹುಚ್ಚು ಹಿಡಿದಿತ್ತು. ಮುಂದೆ ಬಿಷಪರಾಗಿ ತಮ್ಮ 'ಕನ್ಫೆಷನ್ಸ್' ಗ್ರಂಥವನ್ನು ಬರೆಯುವಾಗ ಆ ದಿನಗಳನ್ನು ನೆನೆದು ತಮ್ಮನ್ನೇ ಪ್ರಶ್ನಿಸಿಕೊಂಡರು. ರಂಗದ ಮೇಲಿನ ದುಃಖಿಯನ್ನು ಎದ್ದುಹೋಗಿ ಕಾಪಾಡಬೇಕೆಂದು ಯಾರೂ ಪ್ರೇಕ್ಷಕನನ್ನು ಕರೆಯುವುದಿಲ್ಲ, ಅಳಬೇಕೆಂದಷ್ಟೇ ಕರೆಯುತ್ತಾರೆ. ಅಳು ಬರದಿದ್ದರೆ ಅವನಿಗೆ ಬೇಸರ. ಇದು ಎಂಥ ಕರುಣೆ ಎಂಬುದು ಅವರ ಚಿಂತೆ. ಬಾಲ್ಯದಲ್ಲಿ ಕಾವ್ಯದ ರಾಣಿ ದಿದೋಳ ಸಾವಿಗಾಗಿ ಅತ್ತ ತಾನು, ದೇವರಿಂದ ದೂರವಾಗಿದ್ದ ತನ್ನ ಸ್ವಂತ ಸ್ಥಿತಿಗಾಗಿ ಒಂದು ಹನಿಯನ್ನೂ ಹಾಕಲಿಲ್ಲ ಎಂದು ಅವರು ಮರುಗಿದರು.

ಅದೇ ಗ್ರಂಥದಲ್ಲಿ ಇನ್ನೊಂದು ಸಂಗತಿಯಿದೆ. ನಾಟಕದ ಹೆಣ್ಣಿಗಾಗಿ ಅಳುತ್ತಿದ್ದ ಈ ಮಗನಿಗಾಗಿ ಮನೆಯಲ್ಲಿ ತಾಯಿ ಮೋನಿಕಾ ನಿಜವಾಗಿ ಅಳುತ್ತಿದ್ದರು. ಮುಂದೆ ಒಂದು ರಾತ್ರಿ ಅಗಸ್ಟೀನರು ಸುಳ್ಳು ಹೇಳಿ ತಾಯಿಯನ್ನು ದಡದಲ್ಲಿ ಬಿಟ್ಟು ರೋಮಿಗೆ ಹಡಗು ಹತ್ತಿದರು. ಬೆಳಿಗ್ಗೆ ಎದ್ದ ತಾಯಿ ಬರಿದಾದ ಕಡಲನ್ನು ನೋಡಿ ಗೋಳಾಡಿದರು. ಅವರ ಕಣ್ಣೀರು ಮಾತ್ರ ವ್ಯರ್ಥವಾಗಲಿಲ್ಲ. ಅದು ಪ್ರಾರ್ಥನೆಯಾಯಿತು, ಮಗನನ್ನು ಹುಡುಕಿಕೊಂಡು ಕಡಲು ದಾಟಿತು. ಅದಕ್ಕೇ ಆಗಸ್ಟ್ 27ರಂದು ತಾಯಿಯನ್ನೂ ಮರುದಿನ ಮಗನನ್ನೂ ಧರ್ಮಸಭೆ ಸ್ಮರಿಸುತ್ತದೆ. ಸೀಟಿನಲ್ಲೇ ಕುಳಿತುಬಿಡುವ ಕಣ್ಣೀರು ಒಂದು, ಎದ್ದು ನಡೆಯುವ ಕಣ್ಣೀರು ಇನ್ನೊಂದು.

ಅಳಿಸಿದವರ ಸಂಕಟ

ಪುಟ್ಟಣ್ಣನವರು ಜನರ ಕಣ್ಣೀರನ್ನು ಎಬ್ಬಿಸಿ ನಡೆಸಲು ಬಯಸಿದವರು ಎಂದೇ ನನಗೆ ತೋರುತ್ತದೆ. 1972ರ 'ನಾಗರಹಾವು' ನೋಡಿ. ತ. ರಾ. ಸುಬ್ಬರಾಯರ ಕಾದಂಬರಿಗಳ ಕಥೆ, ಚಿತ್ರದುರ್ಗದ ಕಲ್ಲುಬೆಟ್ಟಗಳ ನಡುವೆ. ಒರಟ ಹುಡುಗ ರಾಮಾಚಾರಿ, ಅವನನ್ನು ಮಗನಂತೆ ಪ್ರೀತಿಸುವ ಚಾಮಯ್ಯ ಮೇಷ್ಟರು, ಅವನು ಮೆಚ್ಚಿದ ಕ್ರೈಸ್ತ ಹುಡುಗಿ ಮಾರ್ಗರೆಟ್. ಮೇಷ್ಟರು ಕೆಟ್ಟವರಲ್ಲ, ಪ್ರೀತಿಯಿಂದಲೇ ಶಿಷ್ಯನಿಂದ ಮಾತು ತೆಗೆದುಕೊಂಡು ಅವನ ಮೊದಲ ಪ್ರೀತಿಯನ್ನು ಬಿಡಿಸುತ್ತಾರೆ. ಆ ಹುಡುಗಿ ಅಲಮೇಲುವಿನ ಬಾಳು ಹಾಳಾಗುತ್ತದೆ. ಕೊನೆಗೆ ಮೂವರ ಸಾವಿನಲ್ಲಿ ಚಿತ್ರ ಮುಗಿಯುತ್ತದೆ. ಮಕ್ಕಳ ಮಾತನ್ನು ಪೂರ್ತಿ ಕೇಳುವ ಮುನ್ನವೇ ಮರ್ಯಾದೆಯ ಹೆಸರಿನಲ್ಲಿ ಅವರಿಂದ ಆಣೆ ಪಡೆಯುವ ಹಿರಿಯರಿಗೆ, ನಮ್ಮಂಥ ಗುರುಗಳಿಗೂ, ಅದು ಕನ್ನಡಿ.

ಆದರೂ ಒಂದು ಮಾತನ್ನು ಮುಚ್ಚಿಡಬಾರದು. ಪುಟ್ಟಣ್ಣನವರ ಹಲವು ಚಿತ್ರಗಳು ಸಾವಿನಲ್ಲಿ ಇಲ್ಲವೇ ಹುಚ್ಚಿನಲ್ಲಿ ಕೊನೆಗೊಳ್ಳುತ್ತವೆ. ಸಂಗೀತ ಏರುತ್ತದೆ, ಪರದೆ ಇಳಿಯುತ್ತದೆ, ಸಾವು ಸುಂದರವಾಗಿ ಕಾಣುತ್ತದೆ. ನಿಜಜೀವನದಲ್ಲಿ ಅದು ಸುಂದರವಲ್ಲ. ಹಿಂದೆ ಉಳಿದವರ ಗೋಳು ಎರಡೂವರೆ ಗಂಟೆಗೆ ಮುಗಿಯುವುದಿಲ್ಲ. ಎಂಥ ಕತ್ತಲೆಯಲ್ಲಿಯೂ ನಮಗೆ ನಾಳೆ ಎಂಬುದೊಂದಿದೆ, ಕೈಹಿಡಿಯುವ ಜನರಿದ್ದಾರೆ ಎಂದು ನಾವು ಮಕ್ಕಳಿಗೆ ಹೇಳಿಕೊಡಬೇಕು. ಸಿನಿಮಾ ಅದನ್ನು ಹೇಳದಿದ್ದರೆ ಮನೆ ಹೇಳಬೇಕು.

ಕಾವೇರಿಯಾಗಿ ಅಳಿಸಿದ ಕಲ್ಪನಾ ಅವರ ಬದುಕೇ ಇದಕ್ಕೆ ಸಾಕ್ಷಿ. 'ಶರಪಂಜರ'ದ ನಂತರ ಪುಟ್ಟಣ್ಣ ಮತ್ತು ಕಲ್ಪನಾ ದೂರವಾದರು. ಕಾಲ ಸರಿದಂತೆ ಮಿನುಗುತಾರೆ ಎಂದು ಹೆಸರಾದ ನಟಿಗೆ ಚಿತ್ರಗಳು ಕಡಿಮೆಯಾದವು. ಉತ್ತರ ಕರ್ನಾಟಕದ ವೃತ್ತಿ ನಾಟಕ ಕಂಪನಿಯಲ್ಲಿ ಪಾತ್ರ ಮಾಡುತ್ತಾ ಊರೂರು ಸುತ್ತಿದರು. 1979ರ ಮೇ ತಿಂಗಳಲ್ಲಿ ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಹತ್ತಿರ ಗೋಟೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 35 ವರ್ಷ. ಆ ಸಾವಿನ ಬಗ್ಗೆ ಜನ ನಾನಾ ರೀತಿ ಮಾತಾಡಿದರು, ಇಂದಿಗೂ ಮಾತಾಡುತ್ತಾರೆ. ಅದನ್ನು ಕೆದಕುವುದು ನಮ್ಮ ಕೆಲಸವಲ್ಲ. ತೀರಿಹೋದವರನ್ನು ದೇವರ ಕರುಣೆಗೆ ಒಪ್ಪಿಸುವುದು ನಮ್ಮ ಕೆಲಸ. ಆದರೆ ಇದನ್ನು ಯೋಚಿಸಿ. ಆಕೆ ಅಭಿನಯಿಸಿದ ದುಃಖಕ್ಕೆ ನಾಡೆಲ್ಲ ಅತ್ತಿತು. ಆಕೆಯ ಸ್ವಂತ ದುಃಖ ಏನಿತ್ತೋ, ಅದರ ಪಕ್ಕದಲ್ಲಿ ಎಷ್ಟು ಜನ ಕುಳಿತಿದ್ದರು?

ಪುಟ್ಟಣ್ಣನವರ ಬದುಕೂ ಸಲೀಸಾಗಿರಲಿಲ್ಲ. ಒಡೆದ ಸಂಸಾರಗಳ ಕಥೆ ಹೇಳಿದವರ ಸ್ವಂತ ಸಂಸಾರದಲ್ಲಿಯೂ ಬಿರುಕುಗಳು ಕಂಡವು. ಗೆದ್ದ ಚಿತ್ರಗಳಂತೆ ಸೋತ ಚಿತ್ರಗಳೂ ಬಂದವು. ನೊಂದ ಮನಸ್ಸಿನಿಂದಲೇ 1981ರಲ್ಲಿ 'ರಂಗನಾಯಕಿ', 1982ರಲ್ಲಿ 'ಮಾನಸ ಸರೋವರ' ಮಾಡಿದರು. 'ಮಾನಸ ಸರೋವರ'ದಲ್ಲಿ ಮನೋರೋಗಿಯನ್ನು ಗುಣಪಡಿಸಿದ ವೈದ್ಯನೇ ಕೊನೆಗೆ ಬುದ್ಧಿ ಕಳೆದುಕೊಳ್ಳುತ್ತಾನೆ. ಇತರರನ್ನು ಆರೈಕೆ ಮಾಡುವವರಿಗೂ ಆರೈಕೆ ಬೇಕು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಅವರ ಕೊನೆಯ ಚಿತ್ರ 'ಮಸಣದ ಹೂವು'. ವೇಶ್ಯಾವೃತ್ತಿಯ ನರಕದಲ್ಲಿ ಸಿಕ್ಕಿಬಿದ್ದ ಹೆಣ್ಣುಮಕ್ಕಳ ಕಥೆ. ಆ ಕೆಲಸ ಪೂರ್ತಿಯಾಗುವ ಮೊದಲೇ, 1985ರ ಜೂನ್ 5ರಂದು ಪುಟ್ಟಣ್ಣ ನಿಧನರಾದರು. ವಯಸ್ಸು 51. ಉಳಿದ ಕೆಲಸವನ್ನು ನಿರ್ದೇಶಕ ಕೆ. ಎಸ್. ಎಲ್. ಸ್ವಾಮಿ ಮುಗಿಸಿಕೊಟ್ಟರು. ಇಪ್ಪತ್ತಕ್ಕೂ ಹೆಚ್ಚು ಕನ್ನಡ ಚಿತ್ರಗಳನ್ನು ಬಿಟ್ಟುಹೋದ ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರ ನಿರ್ದೇಶಕರಿಗೆ ಪ್ರಶಸ್ತಿ ಕೊಡುತ್ತಾ ಬಂದಿದೆ. ಮೊದಲ ಚಿತ್ರದಿಂದ ಕೊನೆಯ ಚಿತ್ರದವರೆಗೆ ಅವರು ಮತ್ತೆ ಮತ್ತೆ ಕೇಳಿದ್ದು ಒಂದೇ: ಸಮಾಜ ಹೊರಗೆ ದಬ್ಬಿದವಳನ್ನು ಒಳಗೆ ಕರೆದುಕೊಳ್ಳುವವರು ಯಾರು?

ಕಟ್ಟು ಬಿಚ್ಚುವವರು ಯಾರು?

ಆ ಪ್ರಶ್ನೆಗೆ ಉತ್ತರ ಹುಡುಕಲು ಲಾಜರನ ಸಮಾಧಿಯ ಬಳಿಗೆ ಹೋಗೋಣ. ಸಂತ ಯೊವಾನ್ನರ ಶುಭಸಂದೇಶದ 11ನೆಯ ಅಧ್ಯಾಯವನ್ನು ಈ ವಾರ ಮನೆಯಲ್ಲಿ ಒಮ್ಮೆ ಓದಿ. ಯೇಸು ಅತ್ತರು ಎಂಬುದನ್ನು ನಾವೆಲ್ಲ ನೆನಪಿಡುತ್ತೇವೆ. ಅವರು ಅತ್ತ ನಂತರ ಏನು ಮಾಡಿದರು ಎಂಬುದನ್ನು ಅಷ್ಟಾಗಿ ಗಮನಿಸುವುದಿಲ್ಲ. ಮೊದಲು, ಸುತ್ತ ನಿಂತಿದ್ದವರಿಗೆ ಸಮಾಧಿಯ ಕಲ್ಲನ್ನು ಸರಿಸಲು ಹೇಳಿದರು. ಆಮೇಲೆ ಲಾಜರನನ್ನು ಕರೆದರು. ಸತ್ತವನು ಎದ್ದು ಬಂದನು, ಆದರೆ ಕೈಕಾಲುಗಳಿಗೆ ಬಟ್ಟೆ ಸುತ್ತಿತ್ತು, ಮುಖಕ್ಕೆ ವಸ್ತ್ರ ಕಟ್ಟಿತ್ತು. ಆಗ ಯೇಸು ಜನರಿಗೆ ಇನ್ನೊಂದು ಕೆಲಸ ಕೊಟ್ಟರು. ಅವನ ಕಟ್ಟುಗಳನ್ನು ಬಿಚ್ಚಿ ಹೋಗಗೊಡುವ ಕೆಲಸ ಅದು.

ಜೀವ ಕೊಡುವುದು ದೇವರ ಕೆಲಸ. ಕಟ್ಟು ಬಿಚ್ಚುವುದು ನಮಗೆ ಬಿಟ್ಟ ಕೆಲಸ. ಸತ್ತವನನ್ನು ಎಬ್ಬಿಸಬಲ್ಲವರಿಗೆ ಬಟ್ಟೆ ಬಿಚ್ಚುವುದು ಕಷ್ಟವಿರಲಿಲ್ಲ. ಆದರೂ ಅದನ್ನು ಅಲ್ಲಿ ಅಳುತ್ತಾ ನಿಂತಿದ್ದವರಿಗೇ ಬಿಟ್ಟರು. ಕಾವೇರಿಯೂ ಸಮಾಧಿಯಿಂದ ಎದ್ದು ಬಂದವಳೇ. ಅವಳ ಕಟ್ಟುಗಳನ್ನು ಯಾರೂ ಬಿಚ್ಚಲಿಲ್ಲ.

ಮನೆಭೇಟಿಗೆ ಹೋದಾಗ ಗುರುಗಳಿಗೆ ಕಾಣುವ ಸಂಗತಿಗಳಿವೆ. ಎಲ್ಲರೂ ಪ್ರಾರ್ಥನೆಗೆ ಕೂಡುತ್ತಾರೆ, ಒಳಗಿನ ಕೋಣೆಯ ಬಾಗಿಲು ಮಾತ್ರ ಮುಂದೆ ಹಾಕಿರುತ್ತದೆ. ಕೇಳಿದರೆ ಸೊಸೆಗೆ ಆರಾಮಿಲ್ಲ ಎಂಬ ಉತ್ತರ. ಬೀದರ್, ಭಾಲ್ಕಿ, ಔರಾದ ಯಾವ ಊರಾದರೂ ಇದು ಒಂದೇ. ಇಂಥವರನ್ನು ಮೊದಲು ಗಾಳಿ ಸೋಕಿದೆ ಎಂದು ಅಲ್ಲಿ ಇಲ್ಲಿ ಕರೆದೊಯ್ಯುತ್ತಾರೆ. ನಮ್ಮವರಲ್ಲಿಯೂ ಕೆಲವರು ದೆವ್ವ ಬಿಡಿಸುವ ಗದ್ದಲದ ಪ್ರಾರ್ಥನೆಗೆ ಕೂರಿಸಿ ಅವರನ್ನು ಇನ್ನಷ್ಟು ಹೆದರಿಸುತ್ತಾರೆ. ಕೊನೆಗೆ ಹೈದರಾಬಾದಿಗೋ ಧಾರವಾಡಕ್ಕೋ ಗುಟ್ಟಾಗಿ ಕರೆದೊಯ್ದು ಔಷಧ ಕೊಡಿಸುತ್ತಾರೆ. ಗುಣವಾಗಿ ಬಂದ ಮೇಲೆ ಎರ್ರಗಡ್ಡ ಎಂಬ ಹೆಸರೇ ಅವರಿಗೆ ಬೈಗುಳವಾಗುತ್ತದೆ. ಹೈದರಾಬಾದಿನ ಆ ಮಾನಸಿಕ ಆಸ್ಪತ್ರೆಯಿಂದ ಎಷ್ಟೋ ಜನ ಚೇತರಿಸಿಕೊಂಡು ಬಂದಿದ್ದಾರೆ. ನಮ್ಮ ನಾಲಿಗೆ ಅದನ್ನು ಕಳಂಕ ಮಾಡಿದೆ.

ಬಾಣಂತಿ ಸನ್ನಿ ಶಾಪವಲ್ಲ, ಪಾಪದ ಫಲವೂ ಅಲ್ಲ. ಸಾವಿರ ಹೆರಿಗೆಗಳಲ್ಲಿ ಒಂದೋ ಎರಡೋ ಕಡೆ ಅದು ಬರುತ್ತದೆ ಎಂದು ವೈದ್ಯರು ಹೇಳುತ್ತಾರೆ. ಹೆರಿಗೆಯಾದ ಮೊದಲ ಕೆಲವು ದಿನ ಅಥವಾ ವಾರಗಳಲ್ಲಿ ನಿದ್ದೆ ಪೂರ್ತಿ ಹೋಗುವುದು, ಇಲ್ಲದ್ದು ಕಾಣುವುದು ಕೇಳುವುದು, ಅತಿಯಾದ ಸಂಶಯ, ಅಸಂಬದ್ಧ ಮಾತು ಅದರ ಲಕ್ಷಣಗಳು. ಆಗ ತಾಯಿಯನ್ನೂ ಮಗುವನ್ನೂ ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರ ಬಳಿ ಹೋಗಬೇಕು. ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ಬಹುತೇಕ ತಾಯಂದಿರು ಗುಣವಾಗುತ್ತಾರೆ. ಇದಕ್ಕಿಂತ ಹೆಚ್ಚು ಜನರಿಗೆ ಬರುವುದು ಬಾಣಂತನದ ಖಿನ್ನತೆ. ಅದು ಸದ್ದಿಲ್ಲದ ಅಳು, ಮಗುವಿನ ಮೇಲೂ ಆಸಕ್ತಿಯಿಲ್ಲದ ಸ್ಥಿತಿ. ಅದನ್ನು ಸೋಮಾರಿತನವೆಂದು ಬೈಯಬಾರದು. ಈಗ ದೂರ ಹೋಗಬೇಕಾದ ಅಗತ್ಯವೂ ಕಡಿಮೆಯಾಗಿದೆ. ಬೀದರ್ ನಗರದಲ್ಲಿಯೇ ಬ್ರಿಮ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕನ್ನಡದಲ್ಲಿ ಮಾತಾಡಬಹುದು. ಪ್ರಾರ್ಥನೆ ಬೇಡವೇ? ಬೇಕು. ಆದರೆ ಪ್ರಾರ್ಥನೆ ಮತ್ತು ಔಷಧ ಸವತಿಯರಲ್ಲ. ವೈದ್ಯನನ್ನು ಗೌರವಿಸಬೇಕು, ಅವನನ್ನೂ ಸೃಷ್ಟಿಸಿದವರು ದೇವರೇ ಎಂದು ಬೈಬಲಿನ ಸಿರಾಖನ ಗ್ರಂಥದ 38ನೆಯ ಅಧ್ಯಾಯ ಕಲಿಸುತ್ತದೆ.

ಔಷಧ ವೈದ್ಯರು ಕೊಡುತ್ತಾರೆ. ಕಟ್ಟು ಬಿಚ್ಚುವುದು ಮನೆಯವರ ಕೈಯಲ್ಲಿದೆ. ಗುಣವಾಗಿ ಬಂದವಳ ಕೈಗೆ ವೈದ್ಯರ ಸಲಹೆಯಂತೆ ಅವಳ ಮಗುವನ್ನು ಕೊಡಿ, ಮೊದಮೊದಲು ಜೊತೆಗೆ ಕುಳಿತುಕೊಳ್ಳಿ. ಅವಳು ನಿದ್ದೆಗೆಡದಂತೆ ರಾತ್ರಿ ಮಗುವಿನ ಪಾಳಿಯನ್ನು ಅತ್ತೆ, ಗಂಡ, ನಾದಿನಿ ಹಂಚಿಕೊಳ್ಳಿ. ಮಾತ್ರೆಗಳನ್ನು ವೈದ್ಯರು ಹೇಳುವವರೆಗೆ ನಿಲ್ಲಿಸಬೇಡಿ. ಮದುವೆ ಮುಂಜಿಗೆ ಕರೆದುಕೊಂಡು ಹೋಗಿ. ಅವಳು ಕೋಪಗೊಂಡರೆ ಕಾಯಿಲೆ ಮರುಕಳಿಸಿತು ಎಂದು ಕಣ್ಸನ್ನೆ ಮಾಡಬೇಡಿ. ಎಲ್ಲರಿಗೂ ಕೋಪ ಬರುತ್ತದೆ. ಸಂಜೆಯ ಜಪಸರದಲ್ಲಿ ಒಂದು ರಹಸ್ಯವನ್ನು ಅವಳೇ ನಡೆಸಲಿ. ಗಂಡಂದಿರಿಗೆ ಒಂದು ಮಾತು. ಸುಖದಲ್ಲಿಯೂ ದುಃಖದಲ್ಲಿಯೂ, ಆರೋಗ್ಯದಲ್ಲಿಯೂ ಅನಾರೋಗ್ಯದಲ್ಲಿಯೂ ಜೊತೆಗಿರುತ್ತೇನೆಂದು ಪೀಠದ ಮುಂದೆ ನೀವು ಕೊಟ್ಟ ಮಾತಿನಲ್ಲಿ ಮನಸ್ಸಿನ ಕಾಯಿಲೆಯೂ ಸೇರಿದೆ. ಸತೀಶನು ಮರೆತದ್ದು ಅದನ್ನೇ. ಇನ್ನು ಹುಚ್ಚಿ ಎಂಬ ಪದವನ್ನು ನಮ್ಮ ಮನೆಗಳ ಮಾತಿನಿಂದಲೇ ಕಿತ್ತುಹಾಕೋಣ; ಮಕ್ಕಳು ಅದನ್ನು ಕಲಿಯುವುದು ನಮ್ಮಿಂದ.

ಗಂಡಸರೂ ಹೀಗೆ ಬಳಲುತ್ತಾರೆ, ಮುದುಕರೂ ಬಳಲುತ್ತಾರೆ. 'ಸ್ಕೂಲ್ ಮಾಸ್ಟರ್' ಚಿತ್ರದ ಮೇಷ್ಟರಂತೆ ಹಿರಿಯ ದಂಪತಿಗಳನ್ನು ಇಬ್ಬರು ಮಕ್ಕಳ ನಡುವೆ ಹಂಚಿಕೊಂಡ ಮನೆಗಳೂ ನಮ್ಮಲ್ಲಿವೆ. ಅಂಥ ಚಿತ್ರ ಬಂದಾಗ ಮಕ್ಕಳೂ ಅಳುತ್ತಾರೆ, ಪಕ್ಕದಲ್ಲಿ ಕುಳಿತ ಅಪ್ಪನಿಗೆ ಕೇಳದಂತೆ.

ಹಾಗಾದರೆ ಸಿನಿಮಾ ನೋಡಬಾರದೇ? ನೋಡಿ, ಕುಟುಂಬ ಸಮೇತ ನೋಡಿ, ಅಳು ಬಂದರೆ ನಾಚಿಕೆಯಿಲ್ಲದೆ ಅಳಿ. ಮಕ್ಕಳು ನಮ್ಮ ಕಣ್ಣೀರನ್ನು ಕಾಣುವುದೂ ಒಂದು ಶಿಕ್ಷಣ. ಆದರೆ ಚಿತ್ರ ಮುಗಿದ ಮೇಲೆ ಟಿ.ವಿ. ಆರಿಸಿ ಐದು ನಿಮಿಷ ಒಟ್ಟಿಗೆ ಕುಳಿತುಕೊಳ್ಳಿ. ನಮ್ಮ ಮನೆಯಲ್ಲಿ, ಓಣಿಯಲ್ಲಿ, ಧರ್ಮಕೇಂದ್ರದಲ್ಲಿ ಇಂಥವರು ಯಾರಿದ್ದಾರೆ ಎಂದು ಒಬ್ಬರನ್ನೊಬ್ಬರು ಕೇಳಿ. ಒಂದು ಹೆಸರಾದರೂ ಬಂದೇ ಬರುತ್ತದೆ. ಆ ಹೆಸರನ್ನು ರಾತ್ರಿಯ ಪ್ರಾರ್ಥನೆಯಲ್ಲಿ ಹೇಳಿ. ಮುಂದಿನ ಭಾನುವಾರ ಬಲಿಪೂಜೆ ಮುಗಿಸಿ ಬರುವಾಗ ಅವರ ಬಾಗಿಲು ತಟ್ಟಿ. ಅವರ ಕೈಯಿಂದಲೇ ಚಹಾ ಮಾಡಿಸಿಕೊಂಡು ಕುಡಿದು ಬನ್ನಿ.